ಅರ್ಧ ಬೀರುವಿನ ತತ್ವಶಾಸ್ತ್ರ ವಿಭಾಗ

ಹೆಂಗಸೊಬ್ಬಳು ಹೊಲಿಗೆ ಕಲಿಸುತ್ತೇನೆ ಅಂದರೆ ಯಾರೂ ಏನೂ ಕೇಳುವುದಿಲ್ಲ. ಸಂಗೀತ ಕಲಿಸುತ್ತೇನೆ ಅಂದರೆ ಒಂದು ಹಾಡು ಹೇಳಿ ಅನ್ನುತ್ತಾರೆ, ಅಷ್ಟೇ. ತತ್ವಶಾಸ್ತ್ರ ಕಲಿಸುತ್ತೇನೆ ಅಂದರೆ ಮಾತ್ರ, ರೈಲಿನಲ್ಲಿ ಎದುರು ಕೂತವರಿಂದ ಹಿಡಿದು ಸೊಪ್ಪು ಮಾರುವವಳವರೆಗೆ ಎಲ್ಲರಿಗೂ ನನ್ನನ್ನು ತಿದ್ದಬೇಕು ಅನ್ನಿಸುತ್ತದೆ. ಕೆಲಸ ಮಾಡಿದಷ್ಟು ವರ್ಷವೂ ಇದು ನಿಲ್ಲಲಿಲ್ಲ. ನಾನೂ ತಿದ್ದಿಕೊಳ್ಳಲಿಲ್ಲ.

ನಮ್ಮದು ಬೂದಿಕೋಟೆ ಪಕ್ಕದ ಒಂದು ಹಳ್ಳಿ. ರಾಗಿ ಹೊಲ, ಒಂದಿಷ್ಟು ಕುರಿ. ಅಪ್ಪ ನನ್ನನ್ನು ಮೈಸೂರಿಗೆ ಕಳಿಸಿ ಎಂ.ಎ. ಓದಿಸಿದರು. ಹೆಣ್ಣುಮಗೀಗೆ ಅದ್ಯಾಕೆ ಅಂತ ಊರವರು ಕೇಳಿದಷ್ಟೂ ಅವರಿಗೆ ಹಟ ಹೆಚ್ಚುತ್ತಿತ್ತು. ಆಸ್ತಿ ಅಂತ ಅವರಿಂದ ನನಗೆ ಬಂದಿದ್ದು ಅದೊಂದೇ. ಎರಡನೇ ಮಹಾಯುದ್ಧದ ಕಾಲದಲ್ಲಿ ಚಿನ್ನದ ಗಣಿ ಊರಿನಲ್ಲಿ ಕೆಲವು ವರ್ತಕರು, ಕಂಟ್ರಾಕ್ಟರುಗಳು ಸೇರಿ ಕಮಿಟಿ ಮಾಡಿಕೊಂಡು, ತಗಡು ಹೊದಿಸಿದ ಕಟ್ಟಡದಲ್ಲಿ ಒಂದು ಸಣ್ಣ ಕಾಲೇಜು ತೆರೆದರು. ಅದರ ತತ್ವಶಾಸ್ತ್ರ ವಿಭಾಗ ಅಂದರೆ ನಾನೊಬ್ಬಳು, ಒಂದು ಮೇಜು, ಅರ್ಧ ಬೀರು. ಇನ್ನರ್ಧ ಸಸ್ಯಶಾಸ್ತ್ರದವರದು. ನನ್ನ ಪುಸ್ತಕ ತೆಗೆದರೆ ಅವರ ಒಣಗಿದ ಎಲೆ ಉದುರುತ್ತಿತ್ತು.

ಬಂಗಾರಪೇಟೆಯಲ್ಲಿ ಒಂದು ಮನೆ ಬಾಡಿಗೆಗೆ ಹಿಡಿದು ನಾನು ಮತ್ತು ನಮ್ಮಜ್ಜಿ ಇದ್ದೆವು. ಆಗಿನ್ನೂ ಟಿಕೀಟಿನ ಮೇಲೆ ಊರಿನ ಹಳೆ ಹೆಸರು ಬೌರಿಂಗ್‌ಪೇಟೆ ಅಂತಲೇ ಅಚ್ಚಾಗುತ್ತಿತ್ತು. ಬೆಳಿಗ್ಗೆ ಮಾರಿಕುಪ್ಪಂ ರೈಲು ಹತ್ತಿ ಗಣಿ ಊರಿಗೆ ಹೋಗುವುದು, ಸಂಜೆ ಅದೇ ರೈಲಿನಲ್ಲಿ ವಾಪಸು.

ಅದರಿಂದ ಏನುಪಯೋಗ

ಕೆಲಸಕ್ಕೆ ಅರ್ಜಿ ಹಾಕಿದಾಗ ಕಮಿಟಿಯವರು ಸಂದರ್ಶನಕ್ಕೆ ಕರೆದರು. ಅಧ್ಯಕ್ಷರು ಬಂಗಾರಪೇಟೆಯ ಕಡಲೆಕಾಯಿ ಎಣ್ಣೆ ಮಿಲ್ಲಿನ ಸಾಹುಕಾರರು. ಮನೆಮಾತು ತೆಲುಗು. ಒಳ್ಳೆಯವರೇ, ಆದರೆ ಯಾವುದನ್ನು ಕಂಡರೂ ಹಿಂಡಿದರೆ ಏನು ಬರುತ್ತದೆ ಅಂತ ನೋಡುವ ಕಣ್ಣು. ಪಕ್ಕದಲ್ಲಿ ಪ್ರಿನ್ಸಿಪಾಲರು. ಗಣಿತದವರು, ಸಣಕಲು ಮನುಷ್ಯ, ಕೋಣೆಯೊಳಗೂ ಕೊಡೆ ಕೆಳಗಿಡುತ್ತಿರಲಿಲ್ಲ.

ಸಾಹುಕಾರರು ಕೇಳಿದರು: "ನೋಡಮ್ಮಾ, ಫಿಸಿಕ್ಸ್ ಓದಿದರೆ ಗಣೀಲಿ ಕೆಲಸ ಸಿಗುತ್ತೆ. ಲೆಕ್ಕ ಓದಿದರೆ ನನ್ನ ಮಿಲ್ಲಲ್ಲೇ ಕೆಲಸ ಇದೆ. ನಿನ್ನ ಸಬ್ಜೆಕ್ಟಿಂದ ಏನು ಉಪಯೋಗ?"

"ತಮ್ಮ ಎಣ್ಣೆಯಿಂದ ಏನು ಉಪಯೋಗ ಸಾರ್?" ಅಂದೆ.

"ಬೋಂಡ ಕರೀತಾರೆ."

"ಬೋಂಡದಿಂದ?"

"ತಿಂತಾರೆ. ತಿಂದರೆ ಮೈಗೆ ಶಕ್ತಿ."

"ಶಕ್ತಿಯಿಂದ?"

"ದುಡೀತಾರೆ, ಬದುಕ್ತಾರೆ."

"ಬದುಕಿ?"

ಸಾಹುಕಾರರು ಪ್ರಿನ್ಸಿಪಾಲರನ್ನು ನೋಡಿದರು. ಅವರು ಕೊಡೆಯ ಹಿಡಿ ನೋಡಿಕೊಂಡರು.

"ತಾವು ನಿಲ್ಲಿಸಿದ ಈ ಜಾಗ ಇದೆಯಲ್ಲ, ಅಲ್ಲಿಂದ ನನ್ನ ಪಾಠ ಶುರು," ಅಂದೆ.

ಸಾಹುಕಾರರು ಕರವಸ್ತ್ರ ತೆಗೆದು ಕತ್ತು ಒರೆಸಿಕೊಂಡರು. "ಚಾಲು ತಲ್ಲೀ, ಚಾಲು," ಸಾಕು ತಾಯಿ ಅಂತ ನನ್ನನ್ನು ತೆಲುಗಿನಲ್ಲೇ ತಡೆದು, ಪ್ರಿನ್ಸಿಪಾಲರ ಕಡೆ ತಿರುಗಿದರು. "ಈಯಮ್ಮನ್ನ ತಗೊಂಡುಬಿಡಿ ಸ್ವಾಮೀ. ಇನ್ನೊಂದು ಪ್ರಶ್ನೆ ಕೇಳಿದರೆ ನಾನು ಮಿಲ್ಲು ಮುಚ್ಚಬೇಕಾಗುತ್ತೆ."

ಹೆಣ್ಣು ನೋಡಲು ಬಂದವರು

ಕೆಲಸ ಸಿಕ್ಕ ಮೇಲೆ ನಮ್ಮಮ್ಮನಿಗೆ ಇನ್ನೊಂದು ಚಿಂತೆ. ಮದುವೆ. ಮುಳಬಾಗಿಲು ಕಡೆಯವರು ಯಾರೋ ಬರುತ್ತಾರೆ ಅಂತ ಹಳ್ಳಿಯಿಂದ ಹಿಂದಿನ ದಿನವೇ ಬಂದು, ನನಗೆ ಬುದ್ಧಿ ಹೇಳಿದಳು: "ಅವ್ರು ಏನ್ ಕೇಳಿದ್ರೂ ಊಂ ಅನ್ನು. ನಿನ್ ಪುಸ್ತಕದ ಮಾತು ಎತ್ತಬ್ಯಾಡ."

ಬಂದವರು ಹುಡುಗ, ಹುಡುಗನ ಸೋದರಮಾವ. ಹುಡುಗ ಬಂದಾಗಿನಿಂದ ಉಪ್ಪಿಟ್ಟು ಬಿಟ್ಟು ತಲೆ ಎತ್ತಲಿಲ್ಲ. ಮಾತೆಲ್ಲ ಸೋದರಮಾವನದೇ. ತಟ್ಟೆ ಕೆಳಗಿಟ್ಟು ಕೇಳಿದರು: "ಉಡುಗಿ ಕಾಲೇಜಲ್ಲಿ ಏನ್ ಯೇಳ್ಕೊಡ್ತಾಳೆ?"

ಅಮ್ಮ ನನ್ನನ್ನು ನೋಡಿದಳು. ನಾನು ಊಂ ಅನ್ನಲಿಲ್ಲ. "ತರ್ಕಶಾಸ್ತ್ರ," ಅಂದೆ.

"ಅಂಗಂದ್ರೆ?"

"ಒಬ್ಬರು ಆಡಿದ ಮಾತು ಸರಿಯೋ ತಪ್ಪೋ, ತಪ್ಪಾದರೆ ಎಲ್ಲಿ ತಪ್ಪು ಅಂತ ತೋರಿಸೋದು."

ಸೋದರಮಾವ ಕಾಲು ಮಡಿಸಿಕೊಂಡು ಗಟ್ಟಿಯಾಗಿ ಕೂತರು. "ನೋಡಮ್ಮಾ, ನಮ್ದು ಮರ್ಯಾದಸ್ತರ ಮನೆ. ತರ್ಕ ಮಾಡೋ ಸೊಸೆ ನಮಗೆ ಬ್ಯಾಡ. ನಾಳೆಯಿಂದ ಆ ಕೆಲ್ಸ ಬಿಡೋದಾದ್ರೆ ಮುಂದಿನ ಮಾತು."

ಅಮ್ಮನ ಮುಖ ಬಾಡಿತು. ನಾನು "ಬಿಡೋದಿಲ್ಲ" ಅನ್ನುವುದರಲ್ಲಿದ್ದೆ. ಅಷ್ಟರಲ್ಲಿ ಬಾಗಿಲ ಮೂಲೆಯಲ್ಲಿ ಎಲೆ ಅಡಿಕೆ ಕುಟ್ಟುತ್ತಿದ್ದ ಅಜ್ಜಿ ಕೈ ನಿಲ್ಲಿಸಿದಳು.

"ನಮ್ ಮನೇಲಿ ಎಲ್ಲಾ ಎಂಗಸ್ರೂ ತರ್ಕ ಮಾಡ್ತಾರೆ ಕಣಪ್ಪ. ನಾನೂ ಮಾಡ್ತೀನಿ, ನಮ್ಮತ್ತೇನೂ ಮಾಡ್ತಿದ್ಲು. ಸಂಬಳ ಕೊಡ್ತಿರೋದು ಇವಳೊಬ್ಬಳಿಗೇಯ."

ಎಲ್ಲ ಮನುಷ್ಯರೂ ಸಾಯುವವರು

ತರ್ಕದ ಪುಸ್ತಕದಲ್ಲಿ ಮೊದಲ ಪಾಠಕ್ಕೆ ಒಂದು ಉದಾಹರಣೆ ಇರುತ್ತದೆ. ಎಲ್ಲ ಮನುಷ್ಯರೂ ಸಾಯುವವರು, ಇಂಥವನು ಮನುಷ್ಯ, ಆದ್ದರಿಂದ ಇಂಥವನು ಸಾಯುವವನು. ಪುಸ್ತಕದವರು ಆ ಜಾಗಕ್ಕೆ ಗ್ರೀಸ್ ದೇಶದ ಯಾರನ್ನೋ ತಂದು ಹಾಕಿದ್ದರು. ನನ್ನ ತರಗತಿಯಲ್ಲಿ ಅರ್ಧ ಜನ ತಮಿಳಿನವರು, ಕಾಲುಭಾಗ ತೆಲುಗಿನವರು, ಉಳಿದವರು ನಮ್ಮ ಕಡೆಯ ಕನ್ನಡದವರು. ಆ ಗ್ರೀಸಿನವನು ಸತ್ತರೆ ಇವರಿಗೇನು? ಎಲ್ಲರಿಗೂ ಗೊತ್ತಿರುವ ಮನುಷ್ಯ ಬೇಕು ಅಂತ ಕರಿಹಲಗೆಯ ಮೇಲೆ ಬರೆದೆ: "ಅಧ್ಯಕ್ಷರು ಮನುಷ್ಯರು. ಆದ್ದರಿಂದ ಅಧ್ಯಕ್ಷರು ಸಾಯುವವರು."

ಹಿಂದಿನ ಬೆಂಚಿನವರೂ ಅವತ್ತು ಬರೆದುಕೊಂಡರು. ಮಾರನೆಯ ದಿನ ಬಂಗಾರಪೇಟೆಯ ಸಂತೆಯವರೆಗೂ ಸುದ್ದಿ ಹೋಗಿತ್ತು. ಸಾಹುಕಾರರು ಡಾಕ್ಟರ ಹತ್ತಿರ ಹೋಗಿ ಎದೆ ತೋರಿಸಿಕೊಂಡು, ಅಲ್ಲಿಂದ ನೇರ ಪ್ರಿನ್ಸಿಪಾಲರಿಗೆ ಹೇಳಿಕಳಿಸಿದರು.

ಪ್ರಿನ್ಸಿಪಾಲರು ನನ್ನನ್ನು ಕರೆಸಿದರು. "ಏನಮ್ಮಾ ಇದು? ಆ ಮಾತು ವಾಪಸು ತಗೋಬೇಕಂತೆ. ಇಲ್ಲದಿದ್ದರೆ ನಿಮ್ಮ ಕೆಲಸಕ್ಕೇ ಕುತ್ತು ಬರುತ್ತೆ."

"ತಗೋತೀನಿ ಸಾರ್. ಯಾವ ಮಾತು ವಾಪಸು ತಗೊಳ್ಳಲಿ, ಹೇಳಿ. ಎಲ್ಲ ಮನುಷ್ಯರೂ ಸಾಯ್ತಾರೆ ಅನ್ನೋದನ್ನ ವಾಪಸು ತಗೊಳ್ಳೋದು ನನ್ನ ಕೈಲಿಲ್ಲ. ಉಳಿದದ್ದು, ಅಧ್ಯಕ್ಷರು ಮನುಷ್ಯರು ಅನ್ನೋದು. ಅದು ತಪ್ಪು ಅಂತ ತಾವು ಒಂದು ಸಾಲು ಬರೆದು ಸಹಿ ಹಾಕಿ ಕೊಟ್ಟರೆ ನಾಳೆ ತರಗತೀಲಿ ಓದಿ ಹೇಳ್ತೀನಿ."

ಪ್ರಿನ್ಸಿಪಾಲರು ಗಣಿತದವರು ಅಂದೆನಲ್ಲ. ಪಾಪ, ನಿಜವಾಗಿಯೂ ಕೂತು ಯೋಚನೆ ಮಾಡಿದರು. ಎರಡು ಕಡೆಯಿಂದಲೂ ದಾರಿ ಕಾಣಲಿಲ್ಲ.

"ಅವರಿಗೆ ಏನಾದರೂ ಹೇಳಿ ಸಮಾಧಾನ ಮಾಡ್ತೀನಿ," ಅಂದರು. "ಮುಂದಿನ ವರ್ಷದಿಂದ ಆ ಜಾಗಕ್ಕೆ ನನ್ನನ್ನೇ ಹಾಕ್ಕೊಳ್ಳಿ. ನಾನು ಸತ್ತರೆ ಕಮಿಟಿಗೇನೂ ಬೇಜಾರಿಲ್ಲ."

ನಲ್ಲಿ ಹತ್ತಿರ ಸಂಶೋಧನೆ

ಯೂನಿವರ್ಸಿಟಿಯಿಂದ ಒಂದು ಸುತ್ತೋಲೆ ಬಂತು. ಪ್ರತಿ ಅಧ್ಯಾಪಕರೂ ತಮ್ಮ ಸಂಶೋಧನೆಯ ಆಸಕ್ತಿ ಏನು ಅಂತ ತಿಳಿಸಬೇಕು. ಪ್ರಿನ್ಸಿಪಾಲರು ಸುಲಭದ ದಾರಿ ತೋರಿಸಿದರು: "ವೇದಾಂತ ಅಂತ ಬರೆದುಬಿಡಿ. ಯಾರೂ ಮರುಪ್ರಶ್ನೆ ಕೇಳೋದಿಲ್ಲ."

"ಯಾರೂ ಪ್ರಶ್ನೆ ಕೇಳದೆ ಇದ್ದರೆ ಅದು ವೇದಾಂತ ಹೇಗಾಗುತ್ತೆ ಸಾರ್?" ಅಂದು, ಬೇರೆಯೇ ಬರೆದೆ: "ನಲ್ಲಿ ಹತ್ತಿರದ ಜಗಳಗಳಲ್ಲಿ ನ್ಯಾಯದ ಕಲ್ಪನೆ."

ತಮಾಷೆಗೆ ಬರೆದದ್ದಲ್ಲ. ಗಣಿ ಊರಿನ ಕೋರಮಂಡಲ್ ಕಡೆ ಗಣಿ ಕೆಲಸದವರ ಮನೆಗಳ ಸಾಲಿಗೆ ಲೈನ್ ಅನ್ನುತ್ತಿದ್ದರು. ಒಂದು ಲೈನಿಗೆಲ್ಲ ಒಂದೇ ನಲ್ಲಿ. ಅಲ್ಲಿ ದಿನವೂ ಮೂರು ಭಾಷೆಯಲ್ಲಿ ಜಗಳ. ಯಾರಿಗೆ ಮೊದಲು ನೀರು, ಯಾಕೆ ಮೊದಲು? ಇದಕ್ಕಿಂತ ದೊಡ್ಡ ಪ್ರಶ್ನೆ ನೀತಿಶಾಸ್ತ್ರದಲ್ಲಿ ಯಾವುದಿದೆ?

ಒಂದು ಸಂಜೆ ಹೋಗಿ ನಲ್ಲಿ ಪಕ್ಕ ನಿಂತೆ. ಅಲ್ಲಿ ಒಬ್ಬ ದಪ್ಪನೆಯ ಹೆಂಗಸು ಎಲ್ಲರನ್ನೂ ಸಾಲಾಗಿ ನಿಲ್ಲಿಸುತ್ತಿದ್ದಳು. ನನ್ನನ್ನು ಕಂಡು, "ಯಾರಮ್ಮಾ ನೀನು? ಕಂಪ್ನಿ ಕಡೆಯವಳಾ?" ಅಂದಳು.

"ಕಾಲೇಜಿನವಳು. ಸುಮ್ಮನೆ ನೋಡೋಕೆ ಬಂದೆ."

"ಸುಮ್ನೆ ನೋಡೋಕೆ ಇದೇನು ನಾಟಕವಾ? ನಿಂತ್ರೆ ಕೊಡಂ ಇಡ್ಕೊಂಡು ನಿಲ್ಲು," ಅಂತ ತನ್ನದೇ ಒಂದು ಕೊಡ ನನ್ನ ಸೊಂಟಕ್ಕೆ ಸಿಕ್ಕಿಸಿದಳು.

ನಿಂತೆ. ಬಿಸಿಲಿಳಿಯುವ ಹೊತ್ತಿಗೆ ನನ್ನ ಸರದಿ ಬಂತು. ಅಷ್ಟರಲ್ಲಿ ಹಿಂದಿನಿಂದ ಒಬ್ಬಳು ನುಗ್ಗಿ ತನ್ನ ಬಿಂದಿಗೆ ಇಟ್ಟಳು. ಮನೆಯಲ್ಲಿ ಮಗು ಅಳುತ್ತಿದೆ ಅಂತ ಕಾರಣ ಹೇಳಿದಳು. ನಾನು ನೋಡಲು ಬಂದವಳು, ನೋಡಿಕೊಂಡಿರಬೇಕಿತ್ತು. ಆದರೆ ಅವಳ ಬಿಂದಿಗೆ ಪಕ್ಕಕ್ಕಿಟ್ಟೆ. "ಇಲ್ಲಿರೋರಲ್ಲಿ ಯಾರ ಮನೇಲಿ ಮಗು ಅಳೋದಿಲ್ಲ? ಅಳುವ ಮಗು ಇದ್ದವರು ಮುಂದೆ ಅಂತಾದರೆ ಎಲ್ಲರೂ ಮುಂದೆ. ಎಲ್ಲರೂ ಮುಂದೆ ಅಂದರೆ ಸಾಲೇ ಇಲ್ಲ." ಅವಳು ತಮಿಳಿನಲ್ಲಿ ಏನೋ ಅಂದಳು. ನಾನು ಕನ್ನಡದಲ್ಲೇ ತಿರುಗಿ ಅಂದೆ. ಸಾಲಿನಲ್ಲಿ ಅರ್ಧ ಜನ ನನ್ನ ಕಡೆ, ಅರ್ಧ ಅವಳ ಕಡೆ. ನಾನು ನಲ್ಲಿ ಬಿಡಲಿಲ್ಲ.

ಕೊಡ ತುಂಬಿಸಿ ಎತ್ತಿಕೊಂಡು ತಿರುಗಿದರೆ ಎದುರಿಗೆ ಪ್ರಿನ್ಸಿಪಾಲರು, ಕೊಡೆ ಸಮೇತ. ಅವರ ಮನೆ ಅಲ್ಲೇ ಹಿಂದಿನ ಬೀದಿಯಲ್ಲಿತ್ತು. ನನ್ನ ಸೆರಗು ಒದ್ದೆ, ಜಡೆ ಬಿಚ್ಚಿಹೋಗಿತ್ತು.

"ಏನಮ್ಮಾ ಇದು?"

"ಸಂಶೋಧನೆ ಸಾರ್."

ಅವರು ಬಗ್ಗಿ ಕೊಡದೊಳಗೆ ನೋಡಿದರು. "ಪೂರ್ತಿ ತುಂಬಿದೆಯಲ್ಲ. ಹೋಗ್ತಾ ಇದನ್ನ ನಮ್ಮ ಮನೇಲಿ ಕೊಟ್ಟುಹೋಗಿ. ನಿನ್ನೆಯಿಂದ ನೀರಿಲ್ಲ."

ಟೈಪಿನ ಮೇಷ್ಟ್ರು

ಇಷ್ಟೆಲ್ಲ ಆದ ಮೇಲೆ ಕಮಿಟಿಯಲ್ಲಿ ನನ್ನ ವಿಭಾಗ ಮುಚ್ಚುವ ಮಾತು ಬಂತು. ಗಣಿ ಆಫೀಸುಗಳಿಗೆ ಟೈಪು ಮಾಡುವವರು ಬೇಕು, ಟೈಪಿನ ತರಗತಿ ತೆರೆದು ತತ್ವಶಾಸ್ತ್ರದ ಕೋಣೆ ಅದಕ್ಕೆ ಕೊಡೋಣ, ಈ ವರ್ಷದ ಪರೀಕ್ಷೆ ಮುಗಿದ ಮೇಲೆ ಆಯಮ್ಮನನ್ನು ಕಳಿಸೋಣ ಅಂತ ಸಾಹುಕಾರರು ತೀರ್ಮಾನ ಮಾಡಿದರು. ಅಜ್ಜಿಗೆ ಹೇಳಿದೆ. "ಕೆಲ್ಸ ಓದ್ರೆ ಓಗ್ಲಿ, ನೀನಾಗಿ ಎದ್ದು ಬರಬ್ಯಾಡ," ಅಂದಳು.

ಯಂತ್ರಗಳು ಮಾರಿಕುಪ್ಪಂನಲ್ಲಿ ಇಳಿದು ಎತ್ತಿನಗಾಡಿಯಲ್ಲಿ ಬಂದವು. ಜೊತೆಗೆ ಟೈಪಿನ ಮೇಷ್ಟ್ರು. ಜೋಲಾರಪೇಟೆ ಕಡೆಯ ತಮಿಳಿನವರು, ಬಹಳ ಸಾಧು. ಪಾಠ ನಡೆಯುತ್ತಿರುವಾಗಲೇ ಬಾಗಿಲಲ್ಲಿ ನಿಂತು, "ಮೇಡಂ, ಈ ರೂಮು ನಂಗೆ ಕೊಟ್ಟಿದಾರೆ," ಅಂದರು.

"ನನಗೂ ಕೊಟ್ಟಿದ್ದಾರೆ. ನಾನು ಬಿಟ್ಟುಕೊಡಬೇಕಾದ್ದು ಪರೀಕ್ಷೆ ಆದ ಮೇಲೆ. ನೀವು ಆ ಕಡೆ ಗೋಡೆಗೆ ಮೇಜು ಹಾಕ್ಕೊಳ್ಳಿ. ನಾನು ಏಳೋದಿಲ್ಲ."

ಅವರು ಹಾಗೆಯೇ ಮಾಡಿದರು. ಅವತ್ತಿನಿಂದ ಒಂದೇ ಕೋಣೆಯಲ್ಲಿ ಎರಡು ತರಗತಿ. ಆ ಕಡೆ ಟಕಟಕ, ಈ ಕಡೆ ನಾನು. ಯಂತ್ರಕ್ಕಿಂತ ಮೇಲೆ ಕೇಳಬೇಕಲ್ಲ, ಕಂಠ ಎತ್ತಿ ಪಾಠ ಮಾಡಿದೆ. ಆಗ ನಡೆಯುತ್ತಿದ್ದದ್ದು ಪ್ರಮಾಣಗಳ ಪಾಠ: ಒಂದು ವಿಷಯ ನಮಗೆ ಹೇಗೆ ಗೊತ್ತಾಯಿತು ಅನ್ನುವುದು. ಕಣ್ಣಾರೆ ಕಂಡಿದ್ದು ಬೇರೆ, ಊಹೆ ಮಾಡಿದ್ದು ಬೇರೆ, ಯಾರೋ ಹೇಳಿ ಕೇಳಿದ್ದು ಬೇರೆ. ಇದನ್ನೇ ತಿರುಗಿಸಿ ಮುರುಗಿಸಿ ಕೂಗಿದೆ. ಟೈಪು ಕಲಿಯುವವರ ಬೆರಳು ಯಂತ್ರದ ಮೇಲಿತ್ತು, ಕಿವಿ ನನ್ನ ಕಡೆ. ಮೇಷ್ಟ್ರಂತೂ ಕುರ್ಚಿಯನ್ನೇ ತಿರುಗಿಸಿಕೊಂಡು ಕೂತಿರುತ್ತಿದ್ದರು.

ಟೈಪು ಕಲಿತ ಒಬ್ಬ ಹುಡುಗಿಗೆ, ಊರ್ಗಾಂ ಕಡೆಯವಳು, ಒಂದು ಗಣಿ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಕೆಲ ದಿನಕ್ಕೇ ಆ ಆಫೀಸಿನ ಇಂಗ್ಲಿಷ್ ದೊರೆ ಕಾಲೇಜಿಗೆ ಮೋಟಾರಿನಲ್ಲಿ ಬಂದಿಳಿದ. ಕೈಯಲ್ಲಿ ಒಂದು ಕಾಗದ. ಸಾಹುಕಾರರೂ ಪ್ರಿನ್ಸಿಪಾಲರೂ ಓಡಿಬಂದು ಅವನನ್ನು ನಮ್ಮ ಕೋಣೆಗೇ ಕರೆತಂದರು.

ಆದದ್ದು ಇಷ್ಟು. ಗಣಿಯೊಳಗೆ ನೀರೆತ್ತುವ ಪಂಪು ಕೆಟ್ಟಿದೆ, ಟೈಪು ಮಾಡು ಅಂತ ಮೇಸ್ತ್ರಿ ಹುಡುಗಿಗೆ ಹೇಳಿದ್ದಾನೆ. ಅವಳು, ನೀವು ನೋಡಿದಿರಾ ಅಂದಿದ್ದಾಳೆ. ಇಲ್ಲ, ಯಾರೋ ಅಂದರು ಅಂದಿದ್ದಾನೆ. ಅವಳು ಹಾಗೆಯೇ ಟೈಪು ಮಾಡಿದ್ದಾಳೆ: "ಪಂಪು ಕೆಟ್ಟಿದೆ ಎಂದು ಕೇಳಿದವರೊಬ್ಬರು ಹೇಳುತ್ತಾರೆ. ಕಂಡವರು ಯಾರೂ ಇಲ್ಲ. ಆದ್ದರಿಂದ ಪಂಪು ಕೆಟ್ಟಿದೆ ಎಂದು ಹೇಳಲು ಬರುವುದಿಲ್ಲ."

ದೊರೆ ಅದನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಓದಿ, "ಇದನ್ನು ಕಲಿಸಿದವರು ಯಾರು?" ಅಂದ.

ಸಾಹುಕಾರರ ಬೆರಳು ನನ್ನ ಕಡೆ ತಿರುಗಿತು. ನಾನು ಎದ್ದು ನಿಂತೆ. "ನಾನೇ. ಅದರಲ್ಲಿ ಒಂದು ಅಕ್ಷರವೂ ತಪ್ಪಿಲ್ಲ."

"ತಪ್ಪಿಲ್ಲ," ಅಂದ ದೊರೆ. "ಕಾಗದ ನೋಡಿ ಸಿಟ್ಟು ಬಂದು ನಾನೇ ಇಳಿದು ಹೋಗಿ ನೋಡಿದೆ. ಪಂಪು ಚೆನ್ನಾಗಿಯೇ ಇತ್ತು. ಯಾರೋ ಸ್ವಿಚ್ಚು ಆರಿಸಿದ್ದರು. ನನಗೆ ಇಂಥ ಇನ್ನೂ ಇಬ್ಬರು ಬೇಕು."

"ಟೈಪು ಬಲ್ಲವರಾ ದೊರೆ?" ಅಂದರು ಸಾಹುಕಾರರು.

"ಟೈಪು ಬಲ್ಲವರು ಬೇಕಾದಷ್ಟು ಜನ ಇದ್ದಾರೆ. ನಂಬದವರು ಬೇಕು."

ಮೋಟಾರು ಆಚೆ ಹೋದ ಮೇಲೆ ಸಾಹುಕಾರರು ಕೋಣೆಯನ್ನು ಮೊದಲ ಸಲ ಸರಿಯಾಗಿ ನೋಡಿದರು. ನನ್ನ ಮೇಜು ನೋಡಿದರು, ಬೀರು ನೋಡಿದರು. "ನೀನು ಎಲ್ಲೂ ಹೋಗಬೇಡಮ್ಮಾ," ಅಂದರು. ನಾನು ಹೋಗುತ್ತೇನೆ ಅಂತ ಯಾವತ್ತೂ ಅಂದಿರಲಿಲ್ಲ. ಆಮೇಲೆ ಟೈಪಿನ ಮೇಷ್ಟ್ರ ಕಡೆ ತಿರುಗಿ ಹೇಳಿದರು: "ಮೇಷ್ಟ್ರೇ, ನಿಮ್ಮ ಟಕಟಕದಿಂದ ಮೇಡಂ ಪಾಠಕ್ಕೆ ತೊಂದರೆ. ನಾಳೆಯಿಂದ ಯಂತ್ರ ಎಲ್ಲ ಹಿಂದಿನ ವರಾಂಡಕ್ಕೆ ಹಾಕ್ಕೊಳ್ಳಿ."

ಅಷ್ಟು ದಿನ ಯಾರಿಗೂ ಎದುರು ಮಾತಾಡದಿದ್ದ ಮೇಷ್ಟ್ರು ಕುರ್ಚಿಯಿಂದ ಏಳಲಿಲ್ಲ.

"ಹಿಂದುಗಡೆ ವರಾಂಡ ಇದೆ ಅಂತ ನೀವು ಹೇಳ್ತಾ ಇದೀರಿ ಸಾರ್," ಅಂದರು. "ನಾನು ಕಣ್ಣಾರೆ ನೋಡಿಲ್ಲ. ಅದು ಇದೆಯಾ ಇಲ್ವಾ ಅಂತ ಮೊದಲು ತೀರ್ಮಾನ ಆಗಲಿ, ಆಮೇಲೆ ಹೋಗ್ತೀನಿ."