ರೂಟರ್ ದಾಟಿದ ಮೆಣಸಿನಕಾಯಿ ಸಪ್ಪಳ

"ಇವತ್ತು ಸಂಜೀಯೊಳಗ ಆ ಗೋಡಿ ಒಡೀದಿದ್ರ ನನ್ನ ಹೆಸರು ಕೊಟ್ರೇಶ ಅಲ್ಲ!"

2008ರ ಫೆಬ್ರುವರಿ. ಬ್ಯಾಡಗಿಯ ಮೆಣಸಿನಕಾಯಿ ದಲ್ಲಾಳಿ ಕೊಟ್ರೇಶ ಒಡೆಯಹೊರಟದ್ದು ಇಟ್ಟಿಗೆಯ ಗೋಡೆಯನ್ನಲ್ಲ. ಹೆಂಡತಿಯ ತಮ್ಮ, ಹಾವೇರಿಯ ಪ್ರವೀಣಕುಮಾರ ಅವನಿಗೆ ಆರು ವೈರ್‌ಲೆಸ್ ಫೋನು ಹೊಂದಿಸಿಕೊಟ್ಟಿದ್ದ. ಗುಂಡಿ ಒತ್ತಿ ಒಬ್ಬರು ಮಾತಾಡಿದರೆ ಗುಂಪಿಗೆಲ್ಲ ಒಟ್ಟಿಗೇ ಕೇಳುತ್ತಿತ್ತು. ಅದಕ್ಕೆ ಮಲ್ಟಿಕಾಸ್ಟ್ ಎಂದು ಹೆಸರು. ಆದರೆ ಅಂಗಡಿ ಮತ್ತು ಅದರ ಮೇಲಿನ ಮನೆ ಒಂದು ಜಾಲ, ಹಿಂದಿನ ಗೋದಾಮು ಇನ್ನೊಂದು ಜಾಲ. ನಡುವೆ ಕೂತ ರೂಟರ್ ಎಂಬ ಪೆಟ್ಟಿಗೆಯೇ ಆ ಗೋಡೆ; ಗುಂಪಿನ ಮಾತನ್ನು ಅದು ಆಚೆ ಬಿಡುತ್ತಿರಲಿಲ್ಲ.

"ಮಾವಾರ, ನಾನ ಬೇಕಂತ ತಡದೇನಿ. ಎರಡೂ ಕಡೆ ಗುಂಪಿನ ನಂಬರ್ ಒಂದ ಐತಿ, ಬಿಟ್ರ ಇಲ್ಲಿ ಆಡಿದ್ದೆಲ್ಲ ಅಲ್ಲೂ ಕೇಳತೈತಿ," ಎಂದ ಪ್ರವೀಣ.

"ಒಂದ ಇದ್ರ ಚಲೋನ ಆತಲ್ಲೋ! ದಾಟ್ಸೂದು ಹೆಂಗ, ಅಷ್ಟ ಹೇಳು."

ಅವನು ಹೇಳಿದ, ಇವನು ಮಾಡಿದ. ಅಂಗಡಿಯಲ್ಲಿ "ಲಾರಿ ಬಂತು!" ಎಂದರೆ ಗೋದಾಮಿನ ನಾಲ್ಕೂ ಫೋನು ಒಂದೇ ಉಸಿರಿಗೆ "ಲಾರಿ ಬಂತು!" ಎಂದವು. ಹಮಾಲರ ಮುಖಂಡ ಭರಮಣ್ಣ ಚಪ್ಪಲಿ ಬಿಟ್ಟು ಫೋನಿಗೆ ಕೈಮುಗಿದ.

ಮರುದಿನ ರಾಣೆಬೆನ್ನೂರಿನ ಮಸಾಲೆ ಗಿರಣಿಯ ಕಾಸೀಮಸಾಬರು ಬಂದರು. ವರ್ಷದ ಖರೀದಿಯನ್ನೆಲ್ಲ ಒಂದೇ ಅಂಗಡಿಗೆ ಕೊಡುವ ಆಸಾಮಿ. ಅವರನ್ನು ಎಳೆದುತಂದದ್ದು ಕೊಟ್ರೇಶನ ಕಿವಿಯ ಕೀರ್ತಿ. ಒಣಮೆಣಸಿನಕಾಯಿ ಅಲ್ಲಾಡಿಸಿ, ಬೀಜದ ಸಪ್ಪಳದಲ್ಲೇ ಹಸಿ, ಒಣ ಹೇಳುತ್ತಾನೆಂದು ಮಾರುಕಟ್ಟೆಯೇ ಬೆರಗಾಗಿತ್ತು. ಬೆರಗು ಸರಿಯೇ, ಕಿವಿ ಮಾತ್ರ ಮೇಲಿನ ಮನೆಯಲ್ಲಿದ್ದ ಹೆಂಡತಿ ನೀಲಗಂಗವ್ವನದು!

ಸಾಹೇಬರನ್ನು ಗೋದಾಮಿನಲ್ಲಿ ಕೂರಿಸಿ, ಎರಡು ಚೀಲದಿಂದ ಒಂದೊಂದು ಹಿಡಿ ಕಾಯಿ ತೆಗೆದು, "ನನಗ ಏಕಾಂತ ಬೇಕು" ಎಂದು ಕೊಟ್ರೇಶ ಅಂಗಡಿಗೆ ಬಂದ. ಫೋನಿನ ಗುಂಡಿ ಒತ್ತಿ, ಮೇಲಿದ್ದ ಹೆಂಡತಿಗೆ ಕೇಳುವಂತೆ ಮೊದಲ ಹಿಡಿ ಅಲ್ಲಾಡಿಸಿದ.

"ಏನಂತಿ?"

"ಹಸಿ ಐತ್ರಿ. ನೀರ ಹೊಡದಾರ. ಇನ್ನೊಂದು ಅಲ್ಲಾಡಸ್ರಿ... ಹಾಂ, ಇದು ಖರೇ ಒಣ. ಮುಖ ಗಂಟ ಹಾಕ್ಕೊಂಡು ಹೇಳ್ರಿ. ಹ್ವಾದ ಸಲ ನಕ್ಕೊಂತ ಹೇಳಿ ಕೆಡಿಸಿದ್ರಿ!"

ಮುಖ ಗಂಟು ಹಾಕಿಕೊಂಡೇ ಗೋದಾಮಿಗೆ ಬಂದು ತೀರ್ಪು ಕೊಟ್ಟ. "ಮೊದಲನೇದು ಹಸಿ. ಎರಡನೇದು ಒಣ."

ಆದರೆ ಗಂಡ ಹೆಂಡಿರ ಪಿಸುಮಾತು ರೂಟರ್ ದಾಟಿ, ಗೋದಾಮಿನ ನಾಲ್ಕೂ ಫೋನಿನಲ್ಲಿ ಅವನಿಗಿಂತ ಮೊದಲೇ ಬಂದಿತ್ತು. ಕಾಸೀಮಸಾಬರು ಮೊದಲ ಚೀಲದ ತಳದಿಂದ ಕೈ ತೆಗೆದರು. ಬೆರಳು ಒದ್ದೆ! "ಸುಭಾನಲ್ಲಾ," ಎಂದರು, ಫೋನಿನ ಕಡೆ ನೋಡಿ.

"ಕೊಟ್ರೇಶಪ್ಪಾರ, ವರ್ಷದ ಖರೀದಿ ನಿಮ್ಮ ಅಂಗಡೀಗೇ."

ಕೊಟ್ರೇಶನ ಎದೆ ಉಬ್ಬುವಷ್ಟರಲ್ಲಿ ಸಾಹೇಬರು ಭರಮಣ್ಣನ ಫೋನಿನ ಗುಂಡಿ ಒತ್ತಿದರು. "ಅಕ್ಕಾರ, ಉಳದ ಚೀಲ ಸುರು ಮಾಡೂಣೇನ್ರಿ?"

ನಾಲ್ಕೂ ಫೋನು ನೀಲಗಂಗವ್ವನ ದನಿಯಲ್ಲಿ ಉತ್ತರಿಸಿದವು: "ಮಾಡ್ರಿ ಅಣ್ಣಾರ. ಆದ್ರ ನಮ್ಮವರ ಕೈ ನಡಗತೈತಿ, ಸಪ್ಪಳ ತಿಳಿಯೂದಿಲ್ಲ. ಅಲ್ಲಾಡಸಾಕ ಭರಮಣ್ಣನ್ನ ಹಚ್ರಿ!"