ಕಡತ ಕೊಠಡಿಯಲ್ಲಿ ಅಂಗಾತ ಮಲಗುವ ಕುರಿತು

ಉಪ ನಿರ್ದೇಶಕರ ಕಾರ್ಯಾಲಯ, ಮೈಸೂರು
(ಇಲಾಖೆಯ ಹೆಸರು ಮೊಹರಿನಲ್ಲಿ ಸವೆದುಹೋಗಿದ್ದು ಓದಲು ಬರುವುದಿಲ್ಲ. ಹೊಸ ಮೊಹರಿಗಾಗಿ ಬರೆಯಲಾಗಿದೆ. ಬರೆದ ಪತ್ರಕ್ಕೂ ಅದೇ ಮೊಹರು ಒತ್ತಿದ್ದರಿಂದ ಉತ್ತರ ಬಂದಿರುವುದಿಲ್ಲ.)

ಸಂಖ್ಯೆ: ಉನಿಮೈ/ಸಿಬ್ಬಂದಿ/ಮೈಕೈನೋವು/೦೭/೨೦೧೮-೧೯
ದಿನಾಂಕ: ೦೪-೦೨-೨೦೧೯

ಸುತ್ತೋಲೆ

ವಿಷಯ: ಮಧ್ಯಾಹ್ನದ ವಿರಾಮದಲ್ಲಿ ಕಡತ ಕೊಠಡಿಯ ನೆಲದ ಮೇಲೆ ನಿಧಾನವಾಗಿ ಯೋಗಾಭ್ಯಾಸ ಮಾಡುವುದರ ಮೇಲಿನ ನಿಷೇಧವನ್ನು ಹಿಂಪಡೆಯುವ ಬಗ್ಗೆ, ಹಾಗೂ ಯಾಕೆ ಹಿಂಪಡೆದಿರಿ ಎಂದು ಯಾರೂ ಕೇಳದಿರುವ ಬಗ್ಗೆ.

ಉಲ್ಲೇಖ:
೧) ಈ ಕಾರ್ಯಾಲಯದ ನಿಷೇಧ ಸುತ್ತೋಲೆ, ದಿ: ೧೨-೧೧-೨೦೧೮.
೨) ಕೇಂದ್ರ ಕಚೇರಿಯ ಪತ್ರ, "ಮುಷ್ಕರನಿರತರ ಬೇಡಿಕೆಗಳೇನು?"
೩) ಮೂಳೆ ತಜ್ಞರ ಚೀಟಿ. (ಪೂರ್ತಿ ಓದಲಾಗಿಲ್ಲ. "ನಿಧಾನ" ಎಂಬ ಒಂದು ಪದ ಮಾತ್ರ ತಿಳಿದುಬಂದಿದೆ.)
೪) ಉಪ ನಿರ್ದೇಶಕರ ಧರ್ಮಪತ್ನಿಯವರ ಮೌಖಿಕ ಜ್ಞಾಪನ, ಪ್ರತಿದಿನ.

ಪ್ರಸ್ತಾವನೆ

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಸಮಸ್ತ ಸಿಬ್ಬಂದಿಯ ಗಮನಕ್ಕೆ ತರುವುದೇನೆಂದರೆ, ಈ ಕಾರ್ಯಾಲಯದಲ್ಲಿ ಕಡತ ಹೊರುವ, ಬಾಗಿಲು ಕಾಯುವ ದಲಾಯತ್ ಶ್ರೀ ದೊಡ್ಡಸಿದ್ದಯ್ಯನವರು ಸರ್ಕಾರಿ ಸೇವೆಗೆ ಸೇರುವ ಮುನ್ನ ಅಗ್ರಹಾರದ ಕಡೆ ಒಂದು ಯೋಗಶಾಲೆಯಲ್ಲಿ ಹನ್ನೊಂದು ವರ್ಷ ಚಾಪೆ ಹಾಸುವ ಮತ್ತು ಸುತ್ತಿಡುವ ಕೆಲಸ ಮಾಡಿರುತ್ತಾರೆ. ಹಾಸುವುದಕ್ಕೂ ಸುತ್ತುವುದಕ್ಕೂ ನಡುವೆ ಅಲ್ಲಿ ನಡೆದದ್ದನ್ನೆಲ್ಲ ಗೋಡೆಗೊರಗಿ ನಿಂತು ನೋಡಿ ಕಲಿತಿರುತ್ತಾರೆ. ವರ್ಷಗಟ್ಟಲೆ ಕುರ್ಚಿಗೆ ಅಂಟಿ ಕುತ್ತಿಗೆ, ಭುಜ, ಮಂಡಿ ಹಿಡಿದುಕೊಂಡಿದ್ದ ಒಂಬತ್ತು ಜನ ನೌಕರರನ್ನು ಅವರು ದಿನವೂ ಊಟದ ಡಬ್ಬಿ ಬಿಚ್ಚುವ ಮುಂಚೆ ಅರ್ಧ ಗಂಟೆ ಕಡತ ಕೊಠಡಿಯಲ್ಲಿ ಮಲಗಿಸಿ ನಿಧಾನವಾಗಿ ಕೈಕಾಲು ಆಡಿಸುತ್ತಿದ್ದರು. ಅವರ ಬೋಧನಾ ಕ್ರಮವು ಅವರದೇ ಮಾತಿನಲ್ಲಿ ಹೀಗೆ ದಾಖಲಾಗಿರುತ್ತದೆ: "ಎಳೀಬ್ಯಾಡಿ, ಅದೇನು ಬಾವಿ ಹಗ್ಗಾನಾ? ಎಲ್ಲಿಗಂಟ ಬತ್ತದೋ ಅಲ್ಲಿಗಂಟ ಬರ್ಲಿ, ಬುಡಿ. ಆ ಸಾಲೇಲಿ ಜಬರ್ದಸ್ತಿ ಮಾಡ್ದೋರೆಲ್ಲ ಆಸ್ಪತ್ರೆಗೋದ್ರು, ನಿದಾನಕ್ಕೆ ಮಾಡ್ದೋರು ಊಟಕ್ಕೋದ್ರು."

ದಿನಾಂಕ ೧೨-೧೧-೨೦೧೮ರಂದು ಕೆಳಗೆ ಸಹಿ ಮಾಡಿರುವ ಉಪ ನಿರ್ದೇಶಕರು (ಇನ್ನು ಮುಂದೆ 'ಸಹಿದಾರರು') ಹಳೆಯ ಕಡತವೊಂದನ್ನು ಹುಡುಕಿಕೊಂಡು ಸದರಿ ಕೊಠಡಿಯನ್ನು ಪ್ರವೇಶಿಸಲಾಗಿ, ಒಂಬತ್ತು ಜನರೂ ಅಂಗಾತ ಮಲಗಿ ಕಣ್ಣು ಮುಚ್ಚಿರುವುದು ಕಂಡುಬಂದಿತು. ಇಪ್ಪತ್ತೆಂಟು ವರ್ಷಗಳ ಸೇವೆಯಲ್ಲಿ ತಾವು ಒಳಗೆ ಬಂದರೂ ಒಬ್ಬರಾದರೂ ಎದ್ದು ನಿಲ್ಲದೇ ಇದ್ದದ್ದು ಅದೇ ಮೊದಲಾದ್ದರಿಂದ, ಇದು ಮುಷ್ಕರವೇ ಸರಿ ಎಂದು ಸಹಿದಾರರು ತೀರ್ಮಾನಿಸಿದರು. ಅಂದೇ ಯೋಗಾಭ್ಯಾಸವನ್ನು ನಿಷೇಧಿಸಿ, ದೊಡ್ಡಸಿದ್ದಯ್ಯನವರನ್ನು ಮುಷ್ಕರದ ಮುಖಂಡರೆಂದು ನಂಜನಗೂಡಿನ ಉಪ ಕಚೇರಿಗೆ ನಿಯೋಜಿಸಿ, ಕೇಂದ್ರ ಕಚೇರಿಗೆ ವರದಿ ಕಳಿಸಿದರು.

ಕೇಂದ್ರ ಕಚೇರಿಯು ಬೇಡಿಕೆಗಳ ಪಟ್ಟಿ ಕೇಳಿತು. ಪಟ್ಟಿಯೇ ಇರಲಿಲ್ಲವಾದ್ದರಿಂದ ಸಿಬ್ಬಂದಿಯ ಹೇಳಿಕೆ ಪಡೆಯಬೇಕಾಯಿತು. ಬೆರಳಚ್ಚುಗಾರ್ತಿ ಶ್ರೀಮತಿ ಚಲುವಾಂಬ ಅವರ ಹೇಳಿಕೆಯನ್ನು ಯಥಾವತ್ತಾಗಿ ಕೊಡಲಾಗಿದೆ: "ಮುಷ್ಕರ ಮಾಡೋದಾಗಿದ್ರೆ ಕಣ್ಣು ಬಿಟ್ಕೊಂಡೇ ಮಾಡ್ತಿದ್ವಿ ಸಾರ್. ನನ್ನ ಬೇಡಿಕೆ ಇರೋದು ಒಂದೇ. ಈ ಬಲಗೈ ತಲೆವರೆಗೂ ಹೋಗ್ಬೇಕು, ನನ್ನ ಜಡೆ ನಾನೇ ಹಾಕ್ಕೋಬೇಕು. ಸಿದ್ದಯ್ಯ ಇದ್ದಾಗ ಕಿವಿವರೆಗೂ ಬಂದಿತ್ತು. ಇದನ್ನ ಬೆಂಗಳೂರಿಗೆ ಬರೀತೀರಾ?" ಬರೆಯಲಾಯಿತು. ಬೇಡಿಕೆಯನ್ನು ಮೂರು ಪ್ರತಿಗಳಲ್ಲಿ, ಕೈಯ ಅಳತೆಯೊಂದಿಗೆ ಮರುಸಲ್ಲಿಸುವಂತೆ ಉತ್ತರ ಬಂದಿತು.

ಈ ನಡುವೆ ಸಹಿದಾರರ ಸೊಂಟದ ವಿಷಯವನ್ನೂ ಇಲ್ಲಿ ಪ್ರಸ್ತಾಪಿಸುವುದು ಅನಿವಾರ್ಯವಾಗಿದೆ. ಸದರಿ ಸೊಂಟವು ಹನ್ನೊಂದು ತಿಂಗಳಿಂದ ಬಾಗಲು ಒಪ್ಪುತ್ತಿಲ್ಲ. ಸಹಿದಾರರ ಏಕೈಕ ಪುತ್ರಿಯ ವಿವಾಹವು ಮಾರ್ಚ್ ಹತ್ತರಂದು ನಿಶ್ಚಯವಾಗಿದ್ದು, ಹುಡುಗಿಯ ತಂದೆ ಮಣೆಯ ಮೇಲೆ ಕಾಲು ಮಡಿಸಿ ಕೂತು ಧಾರೆ ಎರೆಯಬೇಕಾಗಿರುತ್ತದೆ. ಕುರ್ಚಿಯ ಮೇಲೆ ಕೂರುವ ಸಾಧ್ಯತೆಯ ಬಗ್ಗೆ ಮನೆಯಲ್ಲಿ ಟಿಪ್ಪಣಿ ಮಂಡಿಸಲಾಗಿ, ಧರ್ಮಪತ್ನಿ ಶ್ರೀಮತಿ ದೇವಾಜಮ್ಮಣ್ಣಿಯವರು ಈ ಕೆಳಕಂಡಂತೆ ಷರಾ ಬರೆದಿರುತ್ತಾರೆ, ಬಾಯಲ್ಲೇ: "ಕುರ್ಚಿ ಹಾಕ್ಕೊಂಡು ಧಾರೆ ಎರೆಯೋಕೆ ಅದೇನು ನಿಮ್ಮ ಆಫೀಸಾ? ಕೂರೋಕಾದ್ರೆ ಮಣೆ ಮೇಲೆ ಕೂತ್ಕೊಳ್ಳಿ. ಇಲ್ದಿದ್ರೆ ನನ್ನ ತಮ್ಮನೂ ಅವನ ಹೆಂಡ್ತೀನೂ ಕೂರ್ತಾರೆ. ಅವನಾಗ್ಲೇ ಪಂಚೆ ತಂದಿಟ್ಕೊಂಡಿದಾನೆ ಪಾಪ." ಪಂಚೆಯ ವಿಷಯ ಕೇಳಿದಂದಿನಿಂದ ಸಹಿದಾರರಿಗೆ ಊಟ ಸೇರುತ್ತಿರಲಿಲ್ಲ. ಎತ್ತಿ ಆಡಿಸಿದ ಮಗಳನ್ನು ಇನ್ನೊಬ್ಬರು ಧಾರೆ ಎರೆದು ಕೊಡುವುದನ್ನು ಪಕ್ಕದಲ್ಲಿ ನಿಂತು ನೋಡಲು ಯಾವ ತಂದೆಗೂ ಮನಸ್ಸು ಬರುವುದಿಲ್ಲ.

ಸದರಿ ಕಾರಣದಿಂದ ಸಹಿದಾರರು ಮೂರು ಶನಿವಾರ ನಂಜನಗೂಡಿನ ಉಪ ಕಚೇರಿಗೆ, ಮೊದಲೇ ಫೋನಿನಲ್ಲಿ ತಿಳಿಸಿ, ಅನಿರೀಕ್ಷಿತ ತಪಾಸಣೆಗೆ ತೆರಳಿದರು. ತಪಾಸಣೆಯು ಹಿಂಬದಿಯ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು, ಚಾಪೆಯ ಮೇಲೆ ನಡೆಯಿತು. ಸೊಂಟ ಸ್ವಲ್ಪ ಸ್ವಲ್ಪ ಮಾತು ಕೇಳತೊಡಗಿತು. ಆದರೆ ಮೂರನೆಯ ಶನಿವಾರ ದೊಡ್ಡಸಿದ್ದಯ್ಯನವರು ಚಾಪೆ ಹಾಸಲಿಲ್ಲ. ಸುತ್ತಿದ ಚಾಪೆಯನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತು ಅವರು ಹೇಳಿದ್ದು: "ತೆಪ್ಪು ತಿಳ್ಕಬ್ಯಾಡಿ ಸಾರ್. ನಿಮ್ಗೊಬ್ರಿಗೇ ಆದ್ರೆ ನಾನು ಏಳ್ಕೊಡಾಕಿಲ್ಲ. ಅಲ್ಲಿ ಚಲುವಾಂಬ ಮೇಡಮ್ಮೋರ ತೋಳು ಮತ್ತೆ ಕಟ್ಕೊಂಡದಂತೆ. ಮೊದ್ಲು ಔರ್ನ ಮನಿಗ್ಸಿ, ಆಮ್ಯಾಕೆ ನೀವು ಮನೀಕಳಿ."

ದಲಾಯತರ ಈ ಷರತ್ತಿಗೆ ಸಹಿದಾರರು ಒಪ್ಪಬೇಕಾಯಿತು. ಇಪ್ಪತ್ತೆಂಟು ವರ್ಷದಲ್ಲಿ ಇದೂ ಮೊದಲು. ಆದ್ದರಿಂದ ಈ ಕೆಳಕಂಡ ಷರತ್ತುಗಳಿಗೆ ಒಳಪಟ್ಟು ಈ ಮೂಲಕ ಸೂಚಿಸಲಾಗಿದೆ:

೧. ಉಲ್ಲೇಖ (೧)ರ ನಿಷೇಧವನ್ನು ರದ್ದುಪಡಿಸಲಾಗಿದೆ. ಶ್ರೀ ದೊಡ್ಡಸಿದ್ದಯ್ಯನವರ ನಿಯೋಜನೆಯನ್ನೂ ರದ್ದುಪಡಿಸಲಾಗಿದ್ದು, ಅವರು ಚಾಪೆಸಮೇತ ಹಾಜರಾಗತಕ್ಕದ್ದು. ನಿಷೇಧದ ಅವಧಿಯಲ್ಲಿ ಕಪಾಟುಗಳ ಹಿಂದೆ ಕದ್ದು ಮಲಗಿದವರನ್ನು ಕ್ರಮಬದ್ಧವಾಗಿ ಮಲಗಿದವರೆಂದೇ ಭಾವಿಸತಕ್ಕದ್ದು.

೨. 'ನಿಧಾನ' ಎಂಬ ಪದಕ್ಕೆ ಸೇವಾ ನಿಯಮಗಳಲ್ಲಿ ವ್ಯಾಖ್ಯಾನವಿಲ್ಲ. ಆದ್ದರಿಂದ ಕಡತವೊಂದು ಒಂದು ಮೇಜಿನಿಂದ ಪಕ್ಕದ ಮೇಜಿಗೆ ಹೋಗುವ ವೇಗವನ್ನೇ ಅಂಗಾಂಗಗಳ ಗರಿಷ್ಠ ವೇಗವೆಂದು ನಿಗದಿಪಡಿಸಲಾಗಿದೆ. ಈ ವಿಷಯದಲ್ಲಿ ಸಿಬ್ಬಂದಿಗೆ ಪ್ರತ್ಯೇಕ ತರಬೇತಿಯ ಅಗತ್ಯ ಕಂಡುಬಂದಿಲ್ಲ.

೩. ಶವಾಸನವನ್ನು ಮುಷ್ಕರ, ನಿದ್ದೆ ಮತ್ತು ಮರಣದಿಂದ ಪ್ರತ್ಯೇಕಿಸಿ ಗುರುತಿಸಲು ಅನುವಾಗುವಂತೆ ಪ್ರತಿಯೊಬ್ಬರೂ ಎದೆಯ ಮೇಲೆ "ಆಸನ ಚಾಲ್ತಿಯಲ್ಲಿದೆ" ಎಂಬ ರಟ್ಟು ಇಟ್ಟುಕೊಳ್ಳತಕ್ಕದ್ದು. ಮೊದಲ ಮೂರು ಗೊರಕೆಗಳನ್ನು ದೀರ್ಘ ಉಸಿರಾಟವೆಂದು ಪರಿಗಣಿಸಲಾಗುವುದು. ನಾಲ್ಕನೆಯ ಗೊರಕೆಗೆ ಅರ್ಧ ದಿನದ ಸಾಂದರ್ಭಿಕ ರಜೆ ಕಳೆಯಲಾಗುವುದು. ಅರ್ಜಿಯನ್ನು ಎದ್ದ ಮೇಲೆ ಕೊಟ್ಟರೆ ಸಾಕು.

೪. ಚಾಪೆಗಳನ್ನು ಜ್ಯೇಷ್ಠತಾ ಪಟ್ಟಿಯ ಪ್ರಕಾರ ಹಾಸತಕ್ಕದ್ದು. ದ್ವಿತೀಯ ದರ್ಜೆ ಸಹಾಯಕರು ಪ್ರಥಮ ದರ್ಜೆ ಸಹಾಯಕರಿಗಿಂತ ಮುಂಚೆ ತಮ್ಮ ಕಾಲ್ಬೆರಳನ್ನು ಮುಟ್ಟತಕ್ಕದ್ದಲ್ಲ. ಮೈ ಹಗುರವಿದ್ದು ಅಕಸ್ಮಾತ್ ಮುಟ್ಟಿದ್ದಲ್ಲಿ, ಮುಟ್ಟಿಲ್ಲವೆಂದು ಮುಚ್ಚಳಿಕೆ ಬರೆದುಕೊಟ್ಟು ಹಿರಿಯರು ಮುಟ್ಟುವವರೆಗೆ ಮೊಣಕಾಲಿನ ಬಳಿ ಕಾಯತಕ್ಕದ್ದು. ಕಚೇರಿ ಅಧೀಕ್ಷಕರ ಕೈ ಕಳೆದ ಎರಡು ದಶಕಗಳಿಂದ ತೊಡೆಯಾಚೆ ಹೋಗಿರದ ಕಾರಣ, ಅವರ ಕಾಲ್ಬೆರಳು ಮುಟ್ಟಲು ಪ್ರಭಾರಿಯೊಬ್ಬರನ್ನು ನೇಮಿಸಲಾಗುವುದು.

೫. ತಲೆದಿಂಬಿನ ಬದಲು ಹಳೆಯ ಕಡತಗಳ ಬಸ್ತಾಗಳನ್ನು ಬಳಸಬಹುದು. ಶಾಶ್ವತವಾಗಿ ಕಾಪಾಡಬೇಕಾದ 'ಎ' ವರ್ಗದ ಬಸ್ತಾಗಳನ್ನು ತಲೆಯ ಕೆಳಗೆ ಮಾತ್ರ, ನಾಶಪಡಿಸಬಹುದಾದ 'ಡಿ' ವರ್ಗದವನ್ನು ಮಂಡಿಯ ಕೆಳಗೆ ಇಡತಕ್ಕದ್ದು. ೧೯೭೧ರ ಜಮೀನು ತಕರಾರಿನ ಬಸ್ತಾ ಸೊಂಟಕ್ಕೆ ಹೇಳಿ ಮಾಡಿಸಿದಂತಿದೆ ಎಂಬ ಅಭಿಪ್ರಾಯ ವ್ಯಾಪಕವಾಗಿದ್ದು, ಅದಕ್ಕಾಗಿ ಸರದಿ ಪಟ್ಟಿ ತಯಾರಿಸಲಾಗಿದೆ. ಸದರಿ ತಕರಾರನ್ನು ಯಾರೂ ಇತ್ಯರ್ಥಪಡಿಸಿ ಬಸ್ತಾ ತೆಳುವಾಗುವಂತೆ ಮಾಡತಕ್ಕದ್ದಲ್ಲ. ಕಾಲಿಗೆ ಸಿಕ್ಕಿಸಿ ಎಳೆಯಲು ಬಸ್ತಾದ ಲಾಡಿಯನ್ನು ಬಳಸಬಹುದು, ವಾಪಸು ಕಟ್ಟುವಾಗ ಕಾಲು ಹೊರಗಿರುವುದನ್ನು ಖಚಿತಪಡಿಸಿಕೊಳ್ಳುವುದು.

೬. ಉಸಿರು ಒಳಗೆ ತೆಗೆದುಕೊಳ್ಳುವುದು ಸ್ವೀಕೃತಿ ಶಾಖೆಯ ವ್ಯಾಪ್ತಿಗೂ, ಹೊರಗೆ ಬಿಡುವುದು ರವಾನೆ ಶಾಖೆಯ ವ್ಯಾಪ್ತಿಗೂ ಬರತಕ್ಕದ್ದು. ಉಸಿರು ಬಿಡುವ ಸೂಚನೆಯು ದಲಾಯತರಿಂದ ದ್ವಿತೀಯ ದರ್ಜೆ ಸಹಾಯಕರಿಗೆ, ಅವರಿಂದ ಪ್ರಥಮ ದರ್ಜೆಗೆ, ಅವರಿಂದ ಅಧೀಕ್ಷಕರಿಗೆ, ಹೀಗೆ ಸೂಕ್ತ ಮಾರ್ಗದಲ್ಲೇ ಸಾಗತಕ್ಕದ್ದು. ಈ ಬಗ್ಗೆ ಇಂದು ಬೆಳಿಗ್ಗೆ ದಲಾಯತರ ಗೈರುಹಾಜರಿಯಲ್ಲೇ ಪ್ರಯೋಗ ನಡೆಸಲಾಗಿ, ಸೂಚನೆಯು ಪ್ರಥಮ ದರ್ಜೆ ಸಹಾಯಕರಲ್ಲಿ ಒಂದು ಆಕ್ಷೇಪಣೆಯೊಂದಿಗೆ ನಿಂತುಹೋಗಿ, ಅಧೀಕ್ಷಕರ ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿರುತ್ತದೆ. ಆದ್ದರಿಂದ ತುರ್ತು ಸಂದರ್ಭಗಳಲ್ಲಿ ಮೊದಲು ಉಸಿರು ಬಿಟ್ಟು, ಅನಂತರ ಘಟನೋತ್ತರ ಅನುಮೋದನೆ ಪಡೆಯಲು ಅವಕಾಶ ಕಲ್ಪಿಸಲಾಗಿದೆ.

೭. ಮಂಡಿಯನ್ನು ಹೊಟ್ಟೆಗೆ ಒತ್ತಿಕೊಳ್ಳುವ ಪವನಮುಕ್ತಾಸನದ ವೇಳೆ ಹೊರಡಬಹುದಾದ ಶಬ್ದಗಳ ಮೂಲವನ್ನು ಪತ್ತೆ ಹಚ್ಚುವುದು, ಅದರ ಬಗ್ಗೆ ಅನಾಮಧೇಯ ದೂರು ಬರೆಯುವುದು ನಿಷಿದ್ಧ. ಬಂದ ದೂರುಗಳನ್ನು ಕಿಟಕಿ ತೆರೆದು ವಿಲೇವಾರಿ ಮಾಡಲಾಗುವುದು.

೮. ದಲಾಯತರು ಅಧಿಕಾರಿಗಳಿಗೆ ಆದೇಶ ನೀಡಲು ನಿಯಮಗಳಲ್ಲಿ ಅವಕಾಶವಿಲ್ಲ. ಆದ್ದರಿಂದ ಶ್ರೀ ದೊಡ್ಡಸಿದ್ದಯ್ಯನವರು "ಬಗ್ಗಿ ಸಾರ್" ಎಂದಲ್ಲಿ, ಬಗ್ಗಲು ಅನುಕೂಲಕರ ವಾತಾವರಣವಿದೆ ಎಂಬ ಮಾಹಿತಿಯೆಂದು ತಿಳಿಯತಕ್ಕದ್ದು. "ಅಷ್ಟ್ಯಾಕೆ ಮುಖ ಕಿವುಚ್ತೀರಿ, ಯಾರಾದ್ರೂ ಬೋದ್ರಾ?" ಎಂದಲ್ಲಿ, ಅದಕ್ಕೆ ಲಿಖಿತ ವಿವರಣೆ ಕೊಡುವ ಅಗತ್ಯವಿಲ್ಲ. ಮುಖವನ್ನು ಸಡಿಲ ಬಿಟ್ಟರೆ ಸಾಕು.

೯. ಯೋಗಾಭ್ಯಾಸವನ್ನು ಸಹಿದಾರರು ಪ್ರತಿದಿನ ಖುದ್ದಾಗಿ ತಪಾಸಣೆ ಮಾಡುತ್ತಾರೆ. ನಿಂತು ನೋಡಿದಲ್ಲಿ ವಾಸ್ತವಾಂಶ ತಿಳಿಯುವುದಿಲ್ಲವಾದ್ದರಿಂದ ತಪಾಸಣೆಯನ್ನು ಅಂಗಾತ ಮಲಗಿಯೇ ನಡೆಸಲಾಗುವುದು. ಸಹಿದಾರರ ಚಾಪೆ ಕಡೆಯ ಸಾಲಿನಲ್ಲಿ, ಬೀರುವಿನ ಮರೆಯಲ್ಲಿರತಕ್ಕದ್ದು. ಅಲ್ಲಿಂದ "ಅಯ್ಯಮ್ಮಾ" ಎಂಬ ಧ್ವನಿ ಬಂದಲ್ಲಿ ಅದನ್ನು ತಪಾಸಣಾ ಟಿಪ್ಪಣಿಯೆಂದು ಪರಿಗಣಿಸಿ ಯಾರೂ ತಿರುಗಿ ನೋಡತಕ್ಕದ್ದಲ್ಲ, ನಗತಕ್ಕದ್ದಂತೂ ಅಲ್ಲವೇ ಅಲ್ಲ.

೧೦. ನಿಷೇಧದ ಅವಧಿಯಲ್ಲಿ ಶ್ರೀಮತಿ ಚಲುವಾಂಬ ಅವರ ಬಲಗೈ ಕಿವಿಯ ಮಟ್ಟದಿಂದ ಪುನಃ ಭುಜದ ಮಟ್ಟಕ್ಕೆ ಇಳಿದಿರುವುದನ್ನು ಗಮನಿಸಲಾಗಿದೆ. ಇದಕ್ಕೆ ಹೊಣೆಗಾರರಾದ ಅಧಿಕಾರಿ ಯಾರೆಂದು ವಿಚಾರಣೆ ನಡೆಸಲಾಗಿ, ಸಹಿದಾರರೇ ಎಂದು ಸಾಬೀತಾಗಿರುತ್ತದೆ. ಸಹಿದಾರರಿಗೆ ನಾಚಿಕೆಯಾಗಿದೆ. ಇದನ್ನು ಕಚೇರಿ ಭಾಷೆಯಲ್ಲಿ ಹೇಳುವ ಬಗೆಯನ್ನು ಹಳೆಯ ಸುತ್ತೋಲೆಗಳಲ್ಲೆಲ್ಲ ಹುಡುಕಲಾಯಿತು, ಸಿಗಲಿಲ್ಲ. ಈ ಸುತ್ತೋಲೆಯನ್ನು ಶ್ರೀಮತಿ ಚಲುವಾಂಬ ಅವರೇ ಎಡಗೈಯೊಂದರಲ್ಲೇ ಬೆರಳಚ್ಚು ಮಾಡಿರುತ್ತಾರೆ. ಈ ಷರತ್ತು ಬಂದಾಗ ಕೆಲಸ ನಿಲ್ಲಿಸಿ, "ಇದನ್ನೂ ಹೊಡೀಲಾ ಸಾರ್?" ಎಂದು ಕೇಳಿರುತ್ತಾರೆ. ಹೊಡೆಯುವಂತೆ ಸೂಚಿಸಲಾಯಿತು. ಕೊಠಡಿಯಲ್ಲಿ ಗಾಳಿ ಬೆಳಕು ಚೆನ್ನಾಗಿರುವ ಜಾಗ ಕಿಟಕಿಯ ಬಳಿ ಇದ್ದು, ಜ್ಯೇಷ್ಠತೆಯನ್ನು ಬದಿಗಿಟ್ಟು ಅದನ್ನು ಅವರಿಗೆ ಮೀಸಲಿಡಲಾಗಿದೆ.

೧೧. ಮೂರನೆಯ ಶನಿವಾರ, 'ಮೊದಲು ಸಿಬ್ಬಂದಿ, ಆಮೇಲೆ ತಾವು' ಎಂಬ, ಮೇಲಿನ ಹತ್ತೂ ಷರತ್ತುಗಳಿಗೆ ಮೂಲವಾದ ಮಾತನ್ನು ಸಹಿದಾರರು ಬಾಯಿಬಿಟ್ಟು ಒಪ್ಪಿಕೊಂಡ ಮೇಲೆ ಚಾಪೆ ಹಾಸಲಾಯಿತು. ಅಂದು ಸಹಿದಾರರು ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಇಪ್ಪತ್ತೆರಡು ನಿಮಿಷ ಕೂತಿರುತ್ತಾರೆ. ಧಾರೆಗೆ ಅಷ್ಟು ಸಾಕೆಂದು ಪುರೋಹಿತರಿಂದ ದೃಢೀಕರಣ ಪಡೆಯಲಾಗಿದೆ. ಅನಂತರ ಕಿಟಕಿಯ ಸರಳು, ಒಂದು ಮೇಜು ಮತ್ತು ಶ್ರೀ ದೊಡ್ಡಸಿದ್ದಯ್ಯನವರ ನೆರವಿನಿಂದ ಅವರನ್ನು ಎಬ್ಬಿಸಲಾಗಿರುತ್ತದೆ.

ಈ ಸುತ್ತೋಲೆಯು ತಕ್ಷಣದಿಂದ, ಆದರೆ ನಿಧಾನವಾಗಿ ಜಾರಿಗೆ ಬರತಕ್ಕದ್ದು.

ಸಹಿ/-
(ಸಿ. ಗೋಪಾಲರಾಜೇ ಅರಸ್)
ಉಪ ನಿರ್ದೇಶಕರು, ಮೈಸೂರು

ಪ್ರತಿ:
೧. ಕೇಂದ್ರ ಕಚೇರಿಗೆ, ಮುಷ್ಕರ ನಡೆದೇ ಇರಲಿಲ್ಲ, ಆದರೂ ಯಶಸ್ವಿಯಾಗಿ ಮುಗಿದಿದೆ ಎಂಬ ಮಾಹಿತಿಗಾಗಿ.
೨. ಉಪ ಕಚೇರಿ, ನಂಜನಗೂಡು, ದಲಾಯತರನ್ನು ಬಿಡುಗಡೆಗೊಳಿಸಲು. ಶನಿವಾರದ ಕಾಫಿ, ಬೋಂಡ ಇನ್ನು ತರಿಸುವುದು ಬೇಡ.
೩. ಶ್ರೀ ದೊಡ್ಡಸಿದ್ದಯ್ಯ, ದಲಾಯತ್. ಲಗ್ನಪತ್ರಿಕೆ ಲಗತ್ತಿಸಿದೆ. ಮನೆಯವರೆಲ್ಲರ ಸಮೇತ ಬಂದು ಮಂಟಪದ ಎದುರಿನ ಸಾಲಿನಲ್ಲೇ ಕೂರತಕ್ಕದ್ದು.
೪. ಶ್ರೀಮತಿ ಚಲುವಾಂಬ, ಬೆರಳಚ್ಚುಗಾರ್ತಿ. ಕೈಯ ಅಳತೆಯನ್ನು ಯಾರಿಗೂ ಸಲ್ಲಿಸುವ ಅಗತ್ಯವಿಲ್ಲ.
೫. ಸಹಿದಾರರ ಭಾವಮೈದುನರು, ಪಂಚೆಯನ್ನು ಬೇರೊಂದು ಶುಭಕಾರ್ಯಕ್ಕೆ ಬಳಸಿಕೊಳ್ಳಲು ಕೋರಿಕೆ.
೬. ರಕ್ಷಾ ಕಡತಕ್ಕೆ. (ಸದ್ಯ ಅಧೀಕ್ಷಕರ ಮಂಡಿಯ ಕೆಳಗಿದೆ.)
೭. ಕು. ಹಂಸಿನಿ ಅರಸ್, ಸಹಿದಾರರ ಮಗಳು. ನಿನ್ನ ಧಾರೆಗೆ ನಾನೇ ಕೂರುತ್ತೇನೆ ಕಣಮ್ಮ. ಏಳುವ ವಿಷಯ ಪರಿಶೀಲನೆಯಲ್ಲಿದೆ.