ತಟ್ಟೆ ಬಡಿಯುವ ಅತ್ತೆ

ನನ್ನ ಸೋದರತ್ತೆಯಷ್ಟು ತಪ್ಪು ಮಾಡಿದವರು ತೆಲುಗು ಸೀಮೆಯ ಅಂಚಿನ ಇಡೀ ಮಕ್ತಲ್‌ನಲ್ಲಿ ಇನ್ನೊಬ್ಬರಿಲ್ಲ. ಇದು ನಾನು ಹೊರಿಸಿದ ಅಪವಾದವಲ್ಲ, ಅವಳೇ ಸಾರಿದ್ದು! ಅಲ್ಲಿನ ವೃದ್ಧಾಶ್ರಮದಲ್ಲಿ ಅವಳು ಆಯಾ. ಕೈತಪ್ಪಿ ಏನಾದರೂ ಆಯಿತೋ, ಸ್ಟೀಲಿನ ತಟ್ಟೆ ಹಿಡಿದು ಅಂಗಳದ ನಡುವೆ ನಿಂತು, ಡಂಗುರದವರ ಹಾಗೆ ಸೌಟಿನಿಂದ ಬಡಿಯುತ್ತಾಳೆ.

"ಕೇಳ್ರೆಪ್ಪೋ ಕೇಳ್ರಿ! ಸಕ್ಕರಿ ರೋಗದವರ ಚಾದಾಗ ಸಕ್ಕರಿ ಬಿದ್ದೈತಿ! ನಾನ ಹಾಕೀನಿ!"

ಮ್ಯಾನೇಜರ್ ಪಾಡು ಕೇಳಬೇಕೆ? ತಪ್ಪಾದರೆ ತಿಳಿಸಬೇಕೆಂದು ನಿಯಮ ಮಾಡಿದ ಮಹಾನುಭಾವರೇ ಅವರು. "ಮೆಲ್ಲಗಾ ಚೆಪ್ಪಮ್ಮಾ, ನನಗೊಬ್ಬನಿಗೇ ಹೇಳು" ಎಂದು ತೆಲುಗು ಕನ್ನಡ ಬೆರೆಸಿ ಕೈಮುಗಿದರೆ, "ಗುಳಿಗಿ ನುಂಗಾವ್ರು ನೀವೊಬ್ಬರ ಅಲ್ಲಲ್ರಿ ಸಾರ್!" ಎನ್ನುತ್ತಿದ್ದಳು.

ತೆಲಂಗಾಣ ರಾಜ್ಯ ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಎಲ್ಲರೂ ಟೀವಿಗೆ ಕಣ್ಣು ನೆಟ್ಟಿದ್ದ ಕಾಲ. ಒಂದು ಮಧ್ಯಾಹ್ನ ತಟ್ಟೆ ಸದ್ದಾದದ್ದೇ ತಡ, ಅಜ್ಜಂದಿರು ಕೋಲೂರಿಕೊಂಡು ಹೊರಗೆ ಬಂದರು.

"ರಾಜ್ಯ ಬಂತೇನವ್ವಾ?"

"ರಾಜ್ಯ ಅಲ್ರಿ, ಹಲ್ಲು! ತೊಳಿಯಾಕ ಒಯ್ದು ಇಬ್ಬರದು ಅದಲುಬದಲು ಮಾಡೀನಿ. ಯಾರಿಗೆ ಕೂಡವಲ್ದು, ತೆಗದು ಕೊಡ್ರಿ!"

ಅಷ್ಟರಲ್ಲಿ ಒಬ್ಬರು ಪಕ್ಕದವರ ಹಲ್ಲಿನಲ್ಲಿ ಜೋಳದ ರೊಟ್ಟಿ ಮುಗಿಸಿ, ಇವತ್ತು ಬಲು ಮೆತ್ತಗಿತ್ತು ಎಂದು ಹೊಗಳಿಯೂ ಆಗಿತ್ತು!

ಕೊನೆಗೆ ರಾಜ್ಯವೂ ಬಂತು. ಅದೇ ವರ್ಷ ನನ್ನಪ್ಪನಿಗೆ ಲಕ್ವ ಹೊಡೆದು ಎಡಭಾಗ ಬಿದ್ದುಹೋಯಿತು. ಅವನ ತಂಗಿಯೇ ಅಲ್ಲಿದ್ದಾಳೆಂಬ ಧೈರ್ಯದಿಂದ ಅಲ್ಲಿಗೇ ಸೇರಿಸಿದೆವು. ನಾನು ನಾರಾಯಣಪೇಟೆಯಿಂದ ವಾರವಾರ ಹೋಗಿಬರುತ್ತಿದ್ದೆ. ಒಂದು ಸಲ ಹೋದಾಗ ಜಿಲ್ಲೆಯಿಂದ ಅಧಿಕಾರಿಗಳು ತಪಾಸಣೆಗೆ ಬಂದಿದ್ದರು. ತಟ್ಟೆ ಸದ್ದಾದರೆ ಕೆಲಸ ಹೋಯಿತೆಂದೇ ತಿಳಿ ಎಂದು ಮ್ಯಾನೇಜರ್ ಅತ್ತೆಗೆ ಮೊದಲೇ ಹೇಳಿದ್ದರು. ಅಧಿಕಾರಿಗಳು ಚಹಾ ಕಪ್ಪು ಎತ್ತುವಷ್ಟರಲ್ಲಿ ಸದ್ದಾಯಿತು!

"ಕೇಳ್ರೆಪ್ಪೋ! ಬಾಜೂ ಮಂಚದವರ ಸಕ್ಕರಿ ರೋಗದ ಗುಳಿಗಿ ನಮ್ಮಣ್ಣಗ ನುಂಗಿಸೀನಿ! ಲಗೂನ ದವಾಖಾನಿಗೆ ಒಯ್ಯೋಣು ಬರ್ರಿ!"

ಅಧಿಕಾರಿಗಳ ಜೀಪಿನಲ್ಲೇ ಒಯ್ದೆವು. ದಾರಿಯಲ್ಲೇ ಅಪ್ಪ ಬೆವರಿ ತಣ್ಣಗಾಗತೊಡಗಿದ. ಏನು ನುಂಗಿದ್ದಾನೆಂದು ಅತ್ತೆ ಬಾಗಿಲಲ್ಲೇ ಕೂಗಿ ಹೇಳಿದ್ದರಿಂದ ಡಾಕ್ಟರು ಕೂಡಲೇ ಗ್ಲೂಕೋಸ್ ಏರಿಸಿದರು. ಅಪ್ಪ ಉಳಿದ.

ಅತ್ತೆಯ ಕೆಲಸಕ್ಕೂ ಏನೂ ಆಗಲಿಲ್ಲ, ಅಧಿಕಾರಿಗಳೇ ಅಡ್ಡ ನಿಂತರು. ಆದರೆ ಅಂಥ ಗಟ್ಟಿಬಾಯಿಯವಳು ಮೂಲೆ ಹಿಡಿದು ಕೂತಳು. "ಗುಳಿಗಿ ಕೊಡೂದು ಇನ್ನ ನನ್ನ ಕೈಲೆ ಬ್ಯಾಡ" ಎಂದಳು.

ಅಪ್ಪ ಆಶ್ರಮಕ್ಕೆ ಮರಳಿದ ದಿನ ಹೊಸ ನರ್ಸು ಗುಳಿಗೆ ತಂದಳು. ಅಪ್ಪ ತುಟಿ ಬಿಗಿದುಕೊಂಡ. ನಾನು ಪುಸಲಾಯಿಸಿದೆ, ಮ್ಯಾನೇಜರ್ ಗದರಿದರು, ಊಹೂಂ! ಕೊನೆಗೆ, ಬಾಗಿಲ ಹಿಂದೆ ನಿಂತಿದ್ದ ತಂಗಿಯತ್ತ ಬಲಗೈ ಎತ್ತಿ ತೊದಲಿದ:

"ಆಕೀನ ಹಾಕ್ಲಿ. ತಪ್ಪಾದ್ರ ಹೇಳ್ತಾಳ."

ಅತ್ತೆ ನರ್ಸಿನ ಕೈಯಿಂದ ಗುಳಿಗೆ ತೆಗೆದುಕೊಂಡು, ಅಪ್ಪನದೇ ಹೌದೇ ಎಂದು ಎರಡು ಸಲ ಕೇಳಿ ಹತ್ತಿರ ಬಂದಳು. ಅಪ್ಪ ಆಗಲೇ ಬಾಯಿ ತೆರೆದಿದ್ದ.